ಮೀನು ಅಂದುಬಿಟ್ಟೆ

ಜುಲೈ ಹದಿನಾಲ್ಕು, ಸೋಮವಾರ. ಇವತ್ತು ಅಕ್ಕನನ್ನು ಮೀನು ಅಂದುಬಿಟ್ಟೆ. ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಫೋನಿಗೆ ಮೆಲ್ಲಗೆ ಹೇಳುತ್ತಿದ್ದೇನೆ.

ನಾವು ನೀರಿನವರು. ಕುಂದಾ ಕಡೆ ಅಣೆಕಟ್ಟಿನ ನೀರಿನ ತಳದಲ್ಲಿ ನಮ್ಮ ಮನೆ. ಊಟಿ ಹತ್ತಿರದ ಈ ನಂಜನಾಡಿಗೆ ಕ್ಯಾರೆಟ್ ತೊಳೆಯುವ ಕೆಲಸಕ್ಕೆ ಬಂದು ಎರಡು ವರ್ಷವಾಯಿತು. ಈ ಚಳಿಗೆ ಎಲ್ಲರೂ ಉಣ್ಣೆ ಟೋಪಿ, ಮಫ್ಲರ್ ಹಾಕುತ್ತಾರೆ. ನನ್ನ ಚೂಪು ಕಿವಿ, ಕತ್ತಿನ ಕಿವಿರು ಯಾರಿಗೂ ಕಂಡಿಲ್ಲ.

ಬೆಳಿಗ್ಗೆ ತೊಟ್ಟಿಯ ಕೆಸರು ನೀರಿನೊಳಗೆ ಯಾರೋ ನನ್ನ ಅಂಗೈಗೆ ಅಂಗೈ ಒತ್ತಿದರು. ಸೆಲೆಯಕ್ಕ! ಹಳ್ಳ ಹತ್ತಿ, ಕಾಲುವೆಯಲ್ಲಿ ನುಸುಳಿ ಬಂದಿದ್ದಳು. ನಮ್ಮಲ್ಲಿ ಹಾಗೆ ಕೈ ಒತ್ತಿದವರ ಹೆಸರನ್ನು ಗಟ್ಟಿಯಾಗಿ ಕರೆಯಬೇಕು. ಆಮೇಲೆಯೇ ಅವರು ತಲೆ ಎತ್ತುವುದು.

"ತೊಟ್ಟೀಲಿ ಏನ್ಲಾ ಅದು?" ಅಂದ ಪ್ರದೀಪಣ್ಣ, ನನ್ನ ಜೊತೆ ಕೆಲಸ ಮಾಡುವ ಗುಂಡ್ಲುಪೇಟೆಯವನು.

"ಮೀನು ಕಣಣ್ಣ."

"ಹಿಡಿಯಲಾ ಮತ್ತೆ! ರಾತ್ರಿಗೆ ಸಾರು ಮಾಡಣ."

ಎಲ್ಲರ ಜೊತೆ ನಾನೂ ನಕ್ಕೆ. ನೀರಿನೊಳಗೆ ಎಲ್ಲ ಕೇಳಿಸುತ್ತದೆ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲದವರನ್ನು ನಮ್ಮಲ್ಲಿ ಮೀನು ಅನ್ನುತ್ತಾರೆ. ಅವಳ ಕೈ ಮೆಲ್ಲಗೆ ಜಾರಿತು. ನಾನು ಕ್ಯಾರೆಟ್ ಉಜ್ಜುತ್ತಲೇ ಇದ್ದೆ.

ಈಗ ರಾತ್ರಿ, ಕೋಣೆಯಲ್ಲಿ ಬಕೆಟ್ ನೀರಿನಲ್ಲಿ ಕೈಯಿಟ್ಟು ಕೂತಿದ್ದೇನೆ. ಪ್ರದೀಪಣ್ಣ ಪಕ್ಕದಲ್ಲೇ ಮಲಗಿದ್ದಾನೆ. ಅವಳ ಹೆಸರನ್ನು ಪಿಸುಗುಟ್ಟಿದೆ. ಥೂ, ಇದೂ ಬಚ್ಚಿಡುವುದೇ ಅಲ್ಲವೇ? ಸೆಲೆಯಕ್ಕಾ!

"ಯಾರ್ಲಾ ಅದು, ಶೀಲಕ್ಕ?"

ಎದ್ದುಬಿಟ್ಟ.

"ಶೀಲ ಅಲ್ಲ, ಸೆಲೆ. ನಮ್ಮಕ್ಕ ಕಣಣ್ಣ. ಬೆಳಿಗ್ಗೆ ತೊಟ್ಟೀಲಿದ್ದದ್ದು... ಲೈಟ್ ಹಾಕಣ್ಣ. ಇರು, ಟೋಪಿ ತೆಗೀತೀನಿ..."