ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ

ಮಂಗಳವಾರ, ತಾರೀಖು ೧೪

ಪ್ರೀತಿಯ ಮೊಂಡಿಗೆ ಅಮ್ಮನ ಆಶೀರ್ವಾದ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ, ಬೇಸರಿಸಬೇಡ. ಆಸ್ಪತ್ರೆಯ ಬೆಂಚಿನ ಮೇಲೆ ಬರೆಯಲು ಕೂತರೆ ಪಕ್ಕದವರೆಲ್ಲ ಇಣುಕುತ್ತಾರೆ. ನಿಮ್ಮಪ್ಪನ ಮೂಗಿನ ಕೊಳವೆಯನ್ನು ನಿನ್ನೆ ತೆಗೆದರು. ಎರಡು ಚಮಚ ಗಂಜಿ ನುಂಗಿದರು. ಮಾತು ಇನ್ನೂ ತೊದಲು. ಆ ತೊದಲಿನಲ್ಲೇ ನರ್ಸಮ್ಮನಿಗೆ ಉಪ್ಪು ಸಾಲದು ಎಂದು ದೂರಿದರು. ಸದ್ಯ, ಬದುಕಿದರು ಎಂದುಕೊಂಡೆ.

ಈಗ ಬೆಳ್ಳುಳ್ಳಿಯ ವಿಷಯ. ಒಂದು ರಾಶಿ ಎಸಳು ಸುಲಿದು, ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ಎಣ್ಣೆಯ ಸಮೇತ ಬಾಟಲಿಗೆ ತುಂಬಿ ಒಲೆಯ ಪಕ್ಕದಲ್ಲಿ ಇಟ್ಟವಳು ನಾನು. ನಿನ್ನ ಅತ್ತಿಗೆಯಲ್ಲ. ಅವಳು "ಅತ್ತೆ, ಫ್ರಿಜ್ಜಲ್ಲಿ ಇಡ್ಲಾ?" ಎಂದು ಕೇಳಿದಳು. "ಬೆಂದಿದೆ, ಎಣ್ಣೇಲಿ ಮುಳುಗಿದೆ. ಹೊರಗಿದ್ರೆ ಅದಕ್ಕೇನು ನೆಗಡಿ ಬರುತ್ತಾ?" ಎಂದು ಬಾಯಿ ಮುಚ್ಚಿಸಿದೆ.

ಹನ್ನೆರಡು ದಿನ ಹಾಗೇ ಇತ್ತು. ದಿನಾ ಮುಚ್ಚಳ ತೆಗೆದು ಮೂಸುತ್ತಿದ್ದೆ. ನನ್ನ ಮೂಗು ನಿನಗೆ ಗೊತ್ತಲ್ಲ, ಹಾಲು ಒಡೆಯುವ ಹಿಂದಿನ ದಿನವೇ ಹೇಳುವ ಮೂಗು. ಅಡುಗೆ ಹಳಸಿದೆಯೇ ಎಂದು ಮೂಸಿಸಲು ಓರಗಿತ್ತಿಯರೆಲ್ಲ ಪಾತ್ರೆ ಹಿಡಿದು ನನ್ನ ಬಳಿಗೇ ಬರುತ್ತಿದ್ದರು. ಬಾಟಲಿಯಲ್ಲಿ ಬಂಗಾರದ ಬಣ್ಣ, ಒಳ್ಳೆಯ ಘಮ. ನಿಮ್ಮಪ್ಪ ಬ್ರೆಡ್ಡಿಗೆ ಸವರಿಕೊಂಡು ತಿಂದರು. ಪುಣ್ಯಕ್ಕೆ ಬೇರೆ ಯಾರೂ ಮುಟ್ಟಲಿಲ್ಲ. ಮರುದಿನ, "ಏನೇ, ಇಬ್ಬಿಬ್ರು ಕಾಣ್ತೀಯಲ್ಲ! ಒಬ್ಬಳೇ ಸಾಕಾಗಿತ್ತು ನಂಗೆ" ಎಂದರು. ತಮಾಷೆಯೆಂದು ಗದರಿದೆ. ಸಂಜೆಗೆ ರೆಪ್ಪೆ ಜೋತುಬಿತ್ತು, ನೀರೂ ಗಂಟಲಿಳಿಯಲಿಲ್ಲ.

ಬೆಳ್ಳುಳ್ಳಿಗಂಟಿದ ಮಣ್ಣಿನ ಕ್ರಿಮಿ ಬೇಯಿಸಿದರೂ ಸಾಯದು, ಎಣ್ಣೆಯೊಳಗೆ ಗಾಳಿಯಾಡದು, ಅದು ಕಾರುವ ವಿಷಕ್ಕೆ ಅದೇ ತೊಟ್ಟಿಲು ಎಂದರು ಡಾಕ್ಟರು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನೀನು ಬೇಯಿಸಿದರೆ ಗಂಟೆಗಟ್ಟಲೆ ಹೊರಗೆ ಬಿಡಬೇಡ. ಬಿಸಿ ಆರುತ್ತಲೇ ಫ್ರಿಜ್ಜಿಗೆ ಇಡು, ಮೂರು ನಾಲ್ಕು ದಿನದಲ್ಲಿ ಮುಗಿಸು. ಮಿಕ್ಕದ್ದು ಮೊದಲ ದಿನವೇ ಫ್ರೀಜರಿಗೆ ಹೋಗಲಿ. ಅನುಮಾನ ಬಂದರೆ ನಾಲಿಗೆಗೆ ಮುಟ್ಟಿಸದೆ ಬಿಸಾಡು.

ನಾರಿದ್ದರೆ ಕ್ಷಮಿಸುತ್ತಿದ್ದೆ. ಹುಳು ಬಿದ್ದಿದ್ದರೂ ಕ್ಷಮಿಸುತ್ತಿದ್ದೆ. ಘಮಘಮಿಸುತ್ತ ಕೊಲ್ಲಲು ಬಂತಲ್ಲ, ಥೂ! ಎಷ್ಟು ಸೋಪು ಹಚ್ಚಿದರೂ ಕೈಯ ಜಿಡ್ಡು ಹೋದಂತಿಲ್ಲ. ಮೂಗು ಕೊಯ್ದು ಕೈಗೆ ಕೊಟ್ಟ ಹಾಗಾಗಿದೆ.

ನೀನು ಫೋನಿನಲ್ಲಿ ಅತ್ತಿಗೆಗೆ "ಮಾವನಿಗೆ ವಿಷ ಇಕ್ಕಿದೋಳು" ಅಂದೆಯಂತೆ. ಈ ಕಾಗದ ಮಡಿಸುವ ಮುಂಚೆ ಅವಳ ಕ್ಷಮೆ ಕೇಳು. ಅಳಿಯಂದಿರಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಫ್ರಿಜ್ಜು ತಣ್ಣಗಿರಲಿ, ಮನೆ ಬೆಚ್ಚಗಿರಲಿ.

ನಿನ್ನ
ಅಮ್ಮ

ಮತ್ತೊಂದು ಮಾತು. ತಪ್ಪು ಅವಳದೆಂದು ಮನೆಮಂದಿಯೆಲ್ಲ ಏಕೆ ನಂಬಿದರು ಎಂದು ನೀನು ಕೇಳುತ್ತೀಯ. "ಬಾಟಲಿ ಹೊರಗಿಟ್ಟಿದ್ದು ಯಾರು?" ಎಂದು ಡಾಕ್ಟರು ಕೇಳಿದಾಗ ಅವಳು ಒಮ್ಮೆ ನನ್ನ ಮುಖ ನೋಡಿ "ನಾನೇ" ಎಂದಳು. ನಾನು ಸುಮ್ಮನಾದರೂ ಇರಬಹುದಿತ್ತು. "ಇನ್ನಾದ್ರೂ ಹಿರಿಯರ ಮಾತು ಕೇಳು" ಎಂದೆ, ಎಲ್ಲರ ಮುಂದೆ. ಅವಳು ತಲೆ ತಗ್ಗಿಸಿ "ಆಯ್ತು ಅತ್ತೆ" ಎಂದಳು.