ಎದುರಿನವರ ಮುಖ ಕಾಣುವಷ್ಟು

ಮನೆ, ಅಡುಗೆಮನೆಯ ಮೇಜಿನಿಂದ
ಮಾರ್ಚ್ ೧೨, ಭಾನುವಾರ ಸಂಜೆ

ಪ್ರೀತಿಯ ಸೊಸೆಗೆ (ಸೊಸೆ ಅನ್ನುವುದು ಹೆಸರಿಗಷ್ಟೇ, ಮಗಳೇ),

ಹೇಗಿದ್ದೀಯ? ತರಬೇತಿಯ ಹಾಸ್ಟೆಲ್ಲಿನಲ್ಲಿ ನೆಟ್ಟಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಬರೀ ಚಹಾ ಕುಡಿದು ಹೊಟ್ಟೆ ತುಂಬಿಸುತ್ತಿದ್ದೀಯೋ? ನೆಗಡಿ ಹೋಯಿತೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಂಡಿಯೊಂದು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಲಿಗೆ ಅಂಗಡಿ ಮುಚ್ಚಿ ವರ್ಷವಾದರೂ ಪಕ್ಕದ ಮನೆಯಾಕೆ ಪರದೆ ಹೊಲಿದುಕೊಡಿ ಎಂದು ಗಂಟುಬಿದ್ದಿದ್ದಾಳೆ. ಹೂಂ ಅಂದಿದ್ದೇನೆ.

ನೀನು ಬರೆದಂತೆ ನಿಮ್ಮ ಆಸ್ಪತ್ರೆಯ ಆ ಕನ್ನಡಕ ಹಾಕುವವರು ಇವತ್ತು ಮಧ್ಯಾಹ್ನ ಬಂದಿದ್ದರು. "ಅವರು ನನ್ನನ್ನ ಮದುವೆ ಆಗ್ತೀನಿ ಅಂತಿದಾರೆ ಮಾವ. ನೀವು ಬೇಡ ಅಂದ್ರೆ ಈ ಮಾತು ಇಲ್ಲಿಗೇ ಬಿಡ್ತೀನಿ." ನಿನ್ನ ಕಾಗದದ ಆ ಎರಡು ಸಾಲನ್ನು ವಾರವಿಡೀ ಓದಿದ್ದೇನೆ. ನಿಜ ಹೇಳುತ್ತೇನೆ, ಬೇಡ ಅನ್ನಬೇಕೆಂದೇ ಇದ್ದೆ. ಮಗ ತೀರಿಕೊಂಡು ನಾಲ್ಕು ವರ್ಷ. ನೀನೂ ಹೋದರೆ ಈ ಮನೆಯಲ್ಲಿ ಸದ್ದು ಮಾಡುವುದು ನನ್ನ ಹೊಲಿಗೆ ಯಂತ್ರ ಒಂದೇ.

ಆದರೂ ಬಂದವರು ಬಂದವರೇ. ಹೂವಿಲ್ಲದ ಮೇಜಿಗೆ ನೀನು ಯಾರನ್ನೂ ಕೂರಿಸಿದವಳಲ್ಲ. ನಲ್ಲಿ ರಿಪೇರಿಯವನು ಚಹಾ ಕುಡಿಯಲು ಕೂತರೂ ಅವನ ಮುಂದೆ ಗಾಜಿನ ಲೋಟದಲ್ಲಿ ಎರಡು ಗುಲಾಬಿ ಇರುತ್ತಿದ್ದವು. ಜಾಮಿನ ಬಾಟಲಿ, ಮೂತಿ ಒಡೆದ ಹೂಜಿ, ಏನು ಸಿಕ್ಕರೂ ನಿನ್ನ ಕೈಗೆ ಹೂವಿನ ಪಾತ್ರೆಯೇ. ನಾನೂ ಒಂದು ಕೈ ನೋಡೋಣ ಎಂದು ಹೂವಿನಂಗಡಿಗೆ ಹೋಗಿ ಎಲ್ಲಕ್ಕಿಂತ ದೊಡ್ಡದನ್ನೇ ಕೇಳಿದೆ. ಗ್ಲಾಡಿಯೋಲಸ್ ಅಂತೆ, ನಾಲಿಗೆ ತಿರುಗಲು ಅರ್ಧ ದಿನ ಹಿಡಿಯಿತು. ಟೇಪ್ ಹಿಡಿದು ಅಳೆದು, ದಂಟುಗಳನ್ನೆಲ್ಲ ಪ್ಯಾಂಟಿನ ಕಾಲಿನ ಹಾಗೆ ಸಮನಾಗಿ ಕತ್ತರಿಸಿ, ಆ ಹೂಜಿಗೆ ಹಾಕಿ ಮೇಜಿನ ನಟ್ಟನಡುವೆ ನಿಲ್ಲಿಸಿದೆ. ನೋಡಿದ್ದರೆ ನೀನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಅವರು ಎದುರಿಗೆ ಕೂತರು. ಮುಖವೇ ಕಾಣಲಿಲ್ಲ! ಆಗ ನೆನಪಾಯಿತು ನೋಡು. ಮೇಜಿಗೆ ಮೊಣಕೈ ಊರಿ, ಮುಷ್ಟಿಗಿಂತ ಮೇಲೆ ಹೋದದ್ದನ್ನೆಲ್ಲ ನೀನು ಕಚಕ್ಕನೆ ಕತ್ತರಿಸುತ್ತಿದ್ದೆ. "ಎದುರಿಗೆ ಕೂತವರ ಮುಖ ಕಾಣ್ಬೇಕು ಮಾವ, ಹೂವು ಮಾತಿಗೆ ಅಡ್ಡ ಬರಬಾರದು." ನೆನಪಾದರೂ ನಾನು ಹೂಜಿಯನ್ನು ಸರಿಸಲಿಲ್ಲ. ಮುಖ ಕಾಣದಿದ್ದರೆ ಇಲ್ಲ ಅನ್ನುವುದು ಸುಲಭ. ಬಸ್ಸು, ಬಿಸಿಲು, ಬಿಸ್ಕತ್ತು ಎಂದು ಎಲೆಗಳ ಸಂದಿಯಲ್ಲೇ ಮಾತಾಡಿದೆವು.

ಹಾಗೆ ಕೂತಿರುವಾಗ ಆ ಬೆಳಗು ಕಣ್ಣಿಗೆ ಕಟ್ಟಿತು. ಮಗ ಹೋಗಿ ತಿಂಗಳಾಗಿತ್ತು, ಮನೆಯಲ್ಲಿ ಒಂದು ಎಸಳೂ ಇರಲಿಲ್ಲ. ನಾನು ಎದ್ದು ಬಂದರೆ ಯಂತ್ರದ ಪಕ್ಕದಲ್ಲಿ, ಎಣ್ಣೆಯ ಖಾಲಿ ಸೀಸೆಯಲ್ಲಿ ಒಂದೇ ಒಂದು ಹಳದಿ ಸೇವಂತಿಗೆ. "ಈ ಮನೇಲಿ ಇನ್ನು ಯಾರಿಗೆ ಹೂವು?" ಎಂದು ಕಿರುಚಿದೆ. ನೀನು ಅಳಲಿಲ್ಲ. "ನಮ್ಮಿಬ್ಬರಿಗೆ ಮಾವ" ಅಂದೆ, ಅಷ್ಟೇ. ಅವತ್ತು ನಾನು ತಿಂಗಳ ಮೇಲೆ ಮೊದಲ ಬಾರಿ ಯಂತ್ರ ತುಳಿದೆ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ.

ಕೊನೆಗೆ ಹೂವಿನ ಮರೆಯಿಂದಲೇ ಕೇಳಿಬಿಟ್ಟೆ, ನಿಮ್ಮ ಮನೆಯ ಗೋಡೆಯಲ್ಲಿ ನನ್ನ ಮಗನ ಫೋಟೋಗೆ ಜಾಗ ಇದೆಯಾ ಎಂದು. ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಫೋಟೋಗೂ ಇದೆ, ನಿಮಗೂ ಇದೆ. ನೀವಿಲ್ಲದೆ ನಿಮ್ಮ ಸೊಸೆ ಬರಲ್ಲ ಅಂತ ನಂಗೊತ್ತು" ಅಂದರು. ನಾನು ಎದ್ದು ಹೂಜಿಯನ್ನು ಕಿಟಕಿಯ ಹತ್ತಿರ ಇಟ್ಟುಬಂದೆ. ಮುಖ ಚೆನ್ನಾಗಿದೆ. ನನಗಿಂತ ಹೆಚ್ಚು ಹೆದರಿತ್ತು.

ಅವರಿಗೆ ಏನೂ ಉತ್ತರ ಕೊಡಲಿಲ್ಲ. ಮೊದಲು ನಿನಗೆ ತಿಳಿಸಬೇಕಲ್ಲ. ಆರೋಗ್ಯ ನೋಡಿಕೋ, ನಿನ್ನ ಕೋಣೆಯ ಗೆಳತಿಯನ್ನೂ ಕೇಳಿದೆನೆಂದು ಹೇಳು. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಮಾವ

ವಿ.ಸೂ.: ಹೊರಡುವಾಗ ಬಾಗಿಲಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. ಹೂವು ಅಳೆದ ಟೇಪ್ ಇನ್ನೂ ನನ್ನ ಕೊರಳಲ್ಲೇ ಇತ್ತು. ಭುಜ, ಎದೆ, ತೋಳು ಎಲ್ಲ ಅಳೆದು ಬರೆದುಕೊಂಡೆ. ಬಲತೋಳು ಅರ್ಧ ಇಂಚು ಉದ್ದ. ಪಾಪ, ಯಾಕೆಂದು ಕೇಳಲೂ ಧೈರ್ಯವಿಲ್ಲದೆ ಗೊಂಬೆಯ ಹಾಗೆ ನಿಂತಿದ್ದ. ಮದುವೆಯ ಅಂಗಿಗೆ ಎಂದು ನೀನೇ ಹೇಳಿಬಿಡು.