ಪ್ರಧಾನಿಗಳ ಮುಖ ತಪ್ಪು ಜಾಗಕ್ಕೆ ಬಿದ್ದ ಬಗ್ಗೆ

ಮಾನ್ಯ ಪ್ರಧಾನಮಂತ್ರಿಗಳೇ,

ನಿಮ್ಮ ಮುಖದ ಮೇಲೆ ಕುಳಿತ ಅಪರಾಧಕ್ಕೆ ನನ್ನ ಹೆಂಡತಿ ಮಸಾರನ್ ಹದಿನೇಳು ದಿನಗಳಿಂದ ಠಾಣೆಯಲ್ಲಿದ್ದಾಳೆ. ಕುಳಿತವಳು ಅವಳು, ಕೂರುವಂತೆ ಮಾಡಿದವನು ನಾನು. ಬಾನಿ ನದಿಯ ದಂಡೆಯ ಈ ಊರಿನ ದರ್ಜಿ ನಾನೇ.

ನೀವು ದಯಮಾಡಿಸುತ್ತೀರೆಂದು ನಿಮ್ಮ ಮುಖ ಅಚ್ಚಾದ ಬಟ್ಟೆ ಲಾರಿಯಲ್ಲಿ ಬಂದಿಳಿಯಿತು. ಮಹಿಳಾ ಸಂಘದ ನಲವತ್ತು ಮಂದಿಗೆ ಮೂರು ದಿನದಲ್ಲಿ ಹೊಲಿದು ಮುಗಿಸಬೇಕಿತ್ತು. ಗಜಕ್ಕೆ ನಾಲ್ಕು ಮುಖ. ಎಲ್ಲಿ ಕತ್ತರಿ ಇಟ್ಟರೂ ನೀವೇ. ಮೂವತ್ತೊಂಬತ್ತು ಹೆಂಗಸರ ಎದೆ, ಬೆನ್ನುಗಳ ಮೇಲೆ ನಿಮ್ಮನ್ನು ಸಕಲ ಮರ್ಯಾದೆಯಿಂದ ಇರಿಸಿದೆ. ಉಳಿದ ತುಂಡಿನಲ್ಲಿ ಮನೆಯವಳಿಗೆ ಹೊಲಿದೆ. ದರ್ಜಿಯ ಹೆಂಡತಿಗೆ ಯಾವತ್ತೂ ಉಳಿದ ತುಂಡೇ. ನಿಮ್ಮ ಮುಖ ಎಲ್ಲಿ ಬಂತೆಂದು ಅವಸರದಲ್ಲಿ ನಾನು ನೋಡಲಿಲ್ಲ. ಅವಳು ನಿಮ್ಮ ಸಭೆಯ ಮುಂದಿನ ಸಾಲಿನಲ್ಲಿ ಕೂರುವಾಗ ನಿಮ್ಮ ಅಂಗರಕ್ಷಕರು ನೋಡಿದರು.

ಗೋಡೆ, ಶಾಲೆಯ ನೋಟ್‌ಬುಕ್ಕು, ಅಕ್ಕಿ ಚೀಲ, ಎಲ್ಲದರ ಮೇಲೂ ನೀವು ರಾರಾಜಿಸುತ್ತಿರುವಾಗ ಈ ದೇಶದ ಪ್ರಜೆ ನಿಮ್ಮ ಮೇಲೆ ಕೂರದೆ ಮತ್ತೆಲ್ಲಿ ಕೂರಬೇಕು, ಸ್ವಾಮಿ? ದೇಶ ಮೂವರು ಅಧ್ಯಕ್ಷರನ್ನು ಕಂಡಿತು. ನೀವು ಒಬ್ಬರಿಗೆ ವಕ್ತಾರ, ಇನ್ನೊಬ್ಬರಿಗೆ ಮಂತ್ರಿ, ಈಗಿನವರಿಗೆ ಪ್ರಧಾನಿ. ಅದಕ್ಕೂ ಮೊದಲು ನೀವು ನಮ್ಮೂರಿನ ಭೂಗೋಳದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು.

“ಏನ್ ಮೇಷ್ಟ್ರೇ, ಇವತ್ತೂ ಅಲಸಂದೆ ತಿಂದು ಹೊಟ್ಟೆ ಉಬ್ಬಿಸ್ಕೊಂಡು ಬಂದ್ರಾ? ಆಚೆ ಕೂತ್ಕೊಳ್ಳಿ, ನಮ್ಮನೇಲಿ ಉಸಿರಾಡೋ ಜನ ಇದಾರೆ!” ಎನ್ನುತ್ತಿದ್ದಳು ಮಸಾರನ್.

“ನಮ್ಮನೆ ಆಳು ನೀನು! ಆಳಿಗೆ ಯಾಕೇ ಅಷ್ಟು ಬಾಯಿ?” ಎಂದು ನೀವು ಚಹಾ ಚೆಲ್ಲುವಷ್ಟು ನಗುತ್ತಿದ್ದಿರಿ.

ಅವಳ ಕುಲ, ನಿಮ್ಮ ಕುಲ ಮುತ್ತಜ್ಜಂದಿರ ಕಾಲದಿಂದ ತಮಾಷೆಯ ನೆಂಟರು. ಅಂಥ ನೆಂಟರ ಬೈಗುಳಕ್ಕೆ ಬೈಗುಳವೇ ಉತ್ತರ, ಸಿಟ್ಟಾದವನಿಗೇ ನಾಚಿಕೆಗೇಡು. ಇದನ್ನು ನಿಮಗೆ ನಾನು ಕಲಿಸಬೇಕೆ? ಅವಳು ಬೇಕೆಂದೇ ನಿಮ್ಮ ಮೇಲೆ ಕುಳಿತಿದ್ದರೂ ಅದು ಅವಳ ಹಕ್ಕು.

ಠಾಣಾಧಿಕಾರಿ ಕ್ಷಮಾಪಣೆಯ ಪತ್ರವೊಂದನ್ನು ಟೈಪ್ ಮಾಡಿಸಿ ಇಟ್ಟಿದ್ದಾರೆ. ಸಹಿ ಹಾಕಿದರೆ ಬಿಡುಗಡೆ. ಮೊದಲ ದಿನ ಮಸಾರನ್ ನಕ್ಕಳು: “ಅಲಸಂದೆ ತಿನ್ನೋನ ಹತ್ರ ನಾನು ಕ್ಷಮೆ ಕೇಳೋದಾ? ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ!” ಹತ್ತನೆಯ ದಿನವೂ ಅದನ್ನೇ ಹೇಳಿದಳು, ಸಣ್ಣ ದನಿಯಲ್ಲಿ. ನನ್ನನ್ನು ಹಿಡಿದುಕೊಳ್ಳಿ, ತಪ್ಪು ನನ್ನ ಕತ್ತರಿಯದು ಎಂದು ನಾನು ದಿನವೂ ಅಂಗಲಾಚಿದೆ. ಅಧಿಕಾರಿ ಹೇಳಿದ್ದು ಇಷ್ಟೇ: “ಮೇಲಿಂದ ಒಂದು ಮಾತು ಬರ್ಬೇಕು ಕಣಯ್ಯಾ. ನನ್ ಕೈಲಿ ಏನಿದೆ?” ನನ್ನ ಕೈಯಲ್ಲಂತೂ ಏನೂ ಇಲ್ಲ.

ಇವತ್ತು ಊಟ ತೆಗೆದುಕೊಂಡು ಹೋದಾಗ ಅವಳು ನಿಮ್ಮನ್ನು ಬೈಯಲಿಲ್ಲ. ಬುತ್ತಿಯನ್ನು ಪಕ್ಕಕ್ಕಿಟ್ಟು, “ರೀ, ಎಲ್ಲಿ ಸಹಿ ಹಾಕ್ಬೇಕಂತೆ?” ಎಂದು ಕೇಳಿದಳು. ನಾನು ಬುತ್ತಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ನಾಳೆ ಅವಳು ಮತ್ತೆ ಕೇಳುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಕರುಣೆ ಬೇಡ, ಕ್ಷಮಾದಾನ ಬೇಡ. ನಾಳೆಯೊಳಗೆ ಆ ಠಾಣೆಗೆ ಫೋನ್ ಮಾಡಿ, ಅವಳನ್ನು ಕರೆಸಿ, ಬಾಯಿ ತುಂಬ ಬೈಯಿರಿ.

ಇಂತಿ,
ನಿಮ್ಮನ್ನು ಎಲ್ಲಿಡಬೇಕೆಂದು ತಿಳಿಯದ
ಒಬ್ಬ ದರ್ಜಿ